ಮಕ್ಕಳಲ್ಲಿ ಉಪಕಾರಸ್ಮರಣೆ

ಎರಡು ವರ್ಷದ ಮಗುವಿಗೆ ‘ಥ್ಯಾಂಕ್ಯೂ’ ಎನ್ನಲು ಕಲಿಸುವುದು ಸುಲಭ. ಆದರೆ ಅದು ಬರಿಯ ಬಾಯಿಪಾಠ. ಇತರರಿಗೂ ತಮ್ಮದೇ ಆದ ಮನಸ್ಸುಂಟು, ತನಗಾಗಿ ಅವರು ಶ್ರಮಿಸಿದರು ಎಂಬ ಅರಿವು ಸಾಮಾನ್ಯವಾಗಿ ನಾಲ್ಕೈದನೆಯ ವರ್ಷದಲ್ಲಿ ಬಲಿಯತೊಡಗುತ್ತದೆ. ನಿಜವಾದ ಪಾಠ ಆಗ ಆರಂಭವಾಗಬೇಕು.

ಆ ಪಾಠಕ್ಕೆ ಉಪದೇಶಕ್ಕಿಂತ ಪ್ರಶ್ನೆಯೇ ಮೇಲು. “ಈ ಹಾಲು ನಮ್ಮ ಬಾಗಿಲಿಗೆ ಬರಲು ಯಾರು ಯಾರು ನಸುಕಿನಲ್ಲೇ ಎದ್ದಿರಬೇಕು?” ಎಂದು ಕೇಳಿರಿ. ಮಲಗುವ ಮುನ್ನ, ಆ ದಿನ ತನಗೆ ನೆರವಾದ ಒಬ್ಬರನ್ನು ಮಗು ನೆನೆಯಲಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಇಂಥ ಸ್ಮರಣೆಯನ್ನು ಬರೆದಿಟ್ಟ ವಿದ್ಯಾರ್ಥಿಗಳು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು.

ನಮ್ಮ ಮನೆಗಳಲ್ಲಿ ತಾಯಿಗೆ ಧನ್ಯವಾದ ಹೇಳುವ ರೂಢಿಯಿಲ್ಲ. ಉಂಡ ತಟ್ಟೆಯನ್ನು ತಾನೇ ಎತ್ತಿಡುವುದೂ ಕೃತಜ್ಞತೆಯೇ. ಅತಿಥಿಗಳಿಗೆ ಕೈಮುಗಿಯುವ ಮಗು ಪಾತ್ರೆ ತೊಳೆಯುವಾಕೆಯ ಮುಖವನ್ನೇ ನೋಡದಿದ್ದರೆ ತಪ್ಪು ಮಗುವಿನದಲ್ಲ. ನಾವು ಆಕೆಯನ್ನು ಹೇಗೆ ಮಾತನಾಡಿಸುತ್ತೇವೆಂಬುದನ್ನು ಅದು ಕಂಡಿದೆ. ಉಂಡ ಮನೆಯ ಜಂತೆ ಎಣಿಸಬಾರದೆಂದರು ಹಿರಿಯರು. ಅನ್ನವಿತ್ತ ಈ ಮಹಾನಗರವನ್ನು ಮಕ್ಕಳೆದುರಿನಲ್ಲಿ ನಿತ್ಯವೂ ಹಳಿಯುವ ನಾವು ಅವರಿಗೆ ಕಲಿಸುತ್ತಿರುವುದಾದರೂ ಏನನ್ನು?