ಗ್ರಾಮ ಪಂಚಾಯತಿಯ ಪ್ರಕಟಣೆಗಳ ಕನ್ನಡ: ಪದ, ವಾಕ್ಯ ಮತ್ತು ಹಕ್ಕು

ಆಡಳಿತ ಕನ್ನಡವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಇಂಗ್ಲಿಷ್ ಮತ್ತು ಕನ್ನಡಗಳ ನಡುವಣ ಸ್ಪರ್ಧೆಯ ಚರ್ಚೆಯಾಗಿ ಬೆಳೆದು ಬಂದಿದೆ. 1963ರ ರಾಜಭಾಷಾ ಅಧಿನಿಯಮದ ನಂತರ ಕಡತಗಳಲ್ಲಿ ಕನ್ನಡ ಎಷ್ಟು ಪ್ರಮಾಣದಲ್ಲಿ ಬಳಕೆಯಾಗುತ್ತಿದೆ ಎಂಬುದೇ ಈ ಚರ್ಚೆಯ ಮುಖ್ಯ ಅಳತೆಗೋಲು. ಆದರೆ ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳ ಮಟ್ಟಿಗೆ ಈ ಅಳತೆಗೋಲು ಸಾಲದು. ಅಲ್ಲಿಯ ಸಭೆ, ನಡವಳಿ, ರಸೀದಿ, ತಿಳಿವಳಿಕೆ ಪತ್ರಗಳು ಬಹುಪಾಲು ಕನ್ನಡದಲ್ಲಿಯೇ ಇವೆ. ಹೀಗಿದ್ದೂ ಸೂಚನಾಫಲಕದ ಮುಂದೆ ನಿಂತ ಗ್ರಾಮಸ್ಥ ಅದನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾದ ಸ್ಥಿತಿ ಇದೆ. ಆದ್ದರಿಂದ ಇಲ್ಲಿ ಕೇಳಬೇಕಾದದ್ದು ಕನ್ನಡ ಇದೆಯೇ ಎಂಬುದನ್ನಲ್ಲ, ಯಾವ ಕನ್ನಡ ಇದೆ ಎಂಬುದನ್ನು. ಪ್ರಸ್ತುತ ಲೇಖನವು ಪಂಚಾಯತಿ ಪ್ರಕಟಣೆಗಳ ಪದಕೋಶ ಮತ್ತು ವಾಕ್ಯರಚನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ.

1. ಪ್ರಕಟಣೆಯ ಪರಂಪರೆ

ಊರಿನ ವ್ಯವಹಾರವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದು ನಿಲ್ಲಿಸುವ ಕ್ರಮ ಕನ್ನಡದ ಲಿಖಿತ ಪರಂಪರೆಯಷ್ಟೇ ಹಳೆಯದು. ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿಗೆ ಸೇರಿಸಲಾಗುವ ಹಲ್ಮಿಡಿ ಶಾಸನವೇ ಒಂದು ದತ್ತಿಯ ಪ್ರಕಟಣೆ. ಯಾರಿಗೆ, ಯಾವ ಊರುಗಳನ್ನು, ಯಾವ ಕಾರಣಕ್ಕಾಗಿ ಕೊಡಲಾಯಿತು ಎಂಬುದನ್ನು ಹೇಳಿ, ದತ್ತಿಯನ್ನು ಕೆಡಿಸಿದವನಿಗೆ ಒದಗುವ ಪಾಪವನ್ನೂ ಅದು ಸೂಚಿಸುತ್ತದೆ. ಕೊಟ್ಟವರು, ಪಡೆದವರು, ಸಾಕ್ಷಿಗಳು, ಎಲ್ಲೆ, ತಪ್ಪಿದರೆ ಒದಗುವ ಫಲ ಇವು ಮುಂದಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಗಗಳು. ಇವುಗಳಲ್ಲಿ ಕರ್ತೃ ಮರೆಯಾಗುವುದು ವಿರಳ ಎಂಬ ಅಂಶ ಗಮನಾರ್ಹವಾದುದು.

ಶಾನುಭೋಗರ ಕಾಲದ ಲೆಕ್ಕಪತ್ರಗಳದು ಬೇರೆಯೇ ಸ್ವರೂಪ. ಹುಣಿಸೆಬೀಜದ ಸರಿ ಮತ್ತು ಇದ್ದಿಲನ್ನು ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಹೊತ್ತಗೆಗೆ ‘ಕಡತ’ ಎಂಬ ಹೆಸರಿತ್ತು. ವಸ್ತು ಕಣ್ಮರೆಯಾದರೂ ಹೆಸರು ಉಳಿದು ಇಂದಿನ ಕಚೇರಿಯ ಫೈಲಿಗೆ ಸಲ್ಲುತ್ತಿದೆ. ಶಾಸನ ಊರ ಮುಂದೆ ನಿಂತಿದ್ದರೆ ಕಡತ ಶಾನುಭೋಗರ ಮನೆಯೊಳಗಿತ್ತು. ಓದುಬಲ್ಲವನೇ ಅದರ ಒಡೆಯ. ಇವೆರಡರ ನಡುವೆ ಸೇತುವೆಯಾಗಿದ್ದುದು ಡಂಗುರ. ತಳವಾರನೋ ತೋಟಿಯೋ ಸಾರುತ್ತಿದ್ದ ಮಾತು ಆಡುಮಾತಿನಲ್ಲಿರಲೇಬೇಕಾಗಿತ್ತು. ಏಕೆಂದರೆ ಅದು ಕಿವಿಗೆ ಬಿದ್ದ ಕ್ಷಣದಲ್ಲಿಯೇ ಅರ್ಥವಾಗಬೇಕಿತ್ತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಅಧಿನಿಯಮ 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು. ಆದರೆ ಕಡತದ ಭಾಷೆ ಹೊಸ ವ್ಯವಸ್ಥೆಯಲ್ಲಿಯೂ ಮುಂದುವರಿಯಿತು. ಸೂಚನಾಫಲಕಕ್ಕೆ ದೊರೆತದ್ದು ಡಂಗುರದ ಸ್ಥಾನ, ಕಡತದ ಭಾಷೆ.

2. ಪದಗಳು: ಎರವಲು ಮತ್ತು ಹೊಸ ಅರ್ಥ

ಪಂಚಾಯತಿ ಹಾಗೂ ಕಂದಾಯ ವ್ಯವಹಾರದ ಪದಗಳಲ್ಲಿ ಫಾರಸಿ, ಅರಬ್ಬಿ ಮತ್ತು ಮರಾಠಿ ಮೂಲದವು ಹೇರಳವಾಗಿವೆ. ಜಿಲ್ಲೆ, ತಾಲ್ಲೂಕು, ತಹಶೀಲ್ದಾರ್, ಅರ್ಜಿ, ರಸೀದಿ, ವಸೂಲಿ ಮೊದಲಾದವು ಎರವಲುಗಳೆಂಬ ಅರಿವೇ ಇಲ್ಲದಷ್ಟು ಬಳಕೆಯಲ್ಲಿ ಬೆರೆತಿವೆ. ‘ನೋಡು’ ಎಂಬರ್ಥದ ಮರಾಠಿ ಧಾತುವಿನಿಂದ ಬಂದ ‘ಪಹಣಿ’ ಮೂಲತಃ ಹೊಲವನ್ನು ಕಣ್ಣಾರೆ ಕಂಡು ಪರಿಶೀಲಿಸುವ ಕ್ರಿಯೆಯನ್ನು ಸೂಚಿಸುತ್ತದೆ. ಇಂದು ಅದು ಹಕ್ಕು, ಗೇಣಿ ಮತ್ತು ಬೆಳೆಯ ವಿವರವುಳ್ಳ ಪತ್ರದ ಹೆಸರು. ಉತ್ತರ ಕರ್ನಾಟಕದಲ್ಲಿ ಅದೇ ಪತ್ರಕ್ಕೆ ‘ಉತಾರ’ ಎಂಬ ಬಳಕೆಯೂ ಉಂಟು. ಸಭೆಯ ತೀರ್ಮಾನಕ್ಕೆ ಅಲ್ಲಿ ‘ಠರಾವು’ ಎಂದರೆ ದಕ್ಷಿಣದ ಕಡೆ ‘ನಿರ್ಣಯ’ ಎನ್ನುವರು. ಮರಣವನ್ನು ಸೂಚಿಸುವ ಅರಬ್ಬಿ ಮೂಲದ ಪದವು ‘ಪೌತಿ’ ಎಂದಾಗಿ, ಖಾತೆದಾರನ ಮರಣಾನಂತರ ವಾರಸುದಾರರ ಹೆಸರಿಗೆ ಆಗುವ ಬದಲಾವಣೆ ‘ಪೌತಿ ಖಾತೆ’ ಎನಿಸಿತು.

ಅರ್ಥಾಂತರದ ದೃಷ್ಟಿಯಿಂದ ‘ಜಮಾಬಂದಿ’ ಹೆಚ್ಚು ಕುತೂಹಲಕರ. ರೈತವಾರಿ ಪದ್ಧತಿಯಲ್ಲಿ ಇದು ರೈತನಿಂದ ಬರಬೇಕಾದ ಕಂದಾಯವನ್ನು ಸರ್ಕಾರ ವರ್ಷವರ್ಷವೂ ಇತ್ಯರ್ಥಪಡಿಸುವ ಕ್ರಿಯೆ. ಇಂದಿನ ಪಂಚಾಯತಿ ವ್ಯವಸ್ಥೆಯಲ್ಲಿ ಇದು ಪಂಚಾಯತಿಯ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಎದುರಿನಲ್ಲಿ ಪರಿಶೀಲಿಸುವ ವಾರ್ಷಿಕ ಕಾರ್ಯಕ್ರಮ. ಲೆಕ್ಕ ಕೇಳುತ್ತಿದ್ದವರು ಲೆಕ್ಕ ಕೊಡುವವರಾದರು. ಪದ ಒಂದೇ, ಅಧಿಕಾರದ ದಿಕ್ಕು ತಿರುಗಿದೆ. ಆದರೆ ‘ಜಮಾಬಂದಿ ಏರ್ಪಡಿಸಲಾಗಿದೆ’ ಎಂಬ ಪ್ರಕಟಣೆಯನ್ನು ಓದಿದವರಿಗೆ ಇದು ತಾವು ಪ್ರಶ್ನೆ ಕೇಳುವ ಸಂದರ್ಭವೆಂಬುದು ಆ ಪದದಿಂದ ಹೊಳೆಯುವುದಿಲ್ಲ.

ಇದಕ್ಕೆ ಪ್ರತಿಯಾಗಿ ‘ನೀರುಗಂಟಿ’ ಪದವನ್ನು ನೋಡಬಹುದು. ಕೆರೆಯ ತೂಬಿನ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವನ ಈ ಹೆಸರು, ಇಂದು ಪಂಚಾಯತಿಯ ಪಂಪು ಚಾಲೂ ಮಾಡಿ ನಲ್ಲಿಗೆ ನೀರು ಬಿಡುವ ನೌಕರನಿಗೆ ಸಲ್ಲುತ್ತದೆ. ಕೆಲಸದ ಸಲಕರಣೆ ಬದಲಾದರೂ ಹೊಣೆ ಬದಲಾಗದ ಕಾರಣ ಪದ ಸಹಜವಾಗಿ ಒಗ್ಗಿತು. 1983ರ ಪಂಚಾಯತ್ ಕಾಯಿದೆಯ ರೂವಾರಿ ಅಬ್ದುಲ್ ನಜೀರ್ ಸಾಬ್ ಅವರನ್ನು ಕೊಳವೆಬಾವಿಗಳ ಕಾರಣಕ್ಕೆ ಜನ ‘ನೀರ್ ಸಾಬ್’ ಎಂದು ಕರೆದದ್ದೂ ಇದೇ ಬಗೆಯದು. ಜನರ ಪದಸೃಷ್ಟಿ ಸೇವೆಯನ್ನು ಹಿಡಿದು ಸಾಗುತ್ತದೆ, ಕಚೇರಿಯ ಪದಸೃಷ್ಟಿ ಹುದ್ದೆಯನ್ನು ಹಿಡಿದು ಸಾಗುತ್ತದೆ.

ಆದ್ದರಿಂದ ಎರವಲು ಪದಗಳೇ ದುರ್ಬೋಧತೆಗೆ ಕಾರಣವೆಂಬ ತೀರ್ಮಾನ ಅವಸರದ್ದಾಗುತ್ತದೆ. ಪಹಣಿ, ಖಾತೆ, ಪೌತಿಗಳನ್ನು ಅಕ್ಷರ ಬಾರದ ರೈತರೂ ಬಳಸುತ್ತಾರೆ. ಇವುಗಳ ಜಾಗದಲ್ಲಿ ಸಂಸ್ಕೃತಭೂಯಿಷ್ಠವಾದ ಹೊಸ ಪದವನ್ನು ಇರಿಸಿದರೆ ಕನ್ನಡೀಕರಣದ ಹೆಸರಿನಲ್ಲಿ ತಿಳಿದ ಪದವೊಂದನ್ನು ಕಸಿದುಕೊಂಡಂತಾದೀತು.

3. ವಾಕ್ಯ: ಮರೆಯಾಗುವ ಕರ್ತೃ

ತೊಡಕು ಹೆಚ್ಚಾಗಿ ಇರುವುದು ವಾಕ್ಯದಲ್ಲಿ. ರೂಢಿಯಲ್ಲಿರುವ ಮಾದರಿಯನ್ನು ಅನುಸರಿಸಿ ರಚಿಸಿದ ಈ ಉದಾಹರಣೆಯನ್ನು ಗಮನಿಸಬಹುದು: ‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಸ್ವತ್ತಿಗೆ ಸಂಬಂಧಿಸಿದಂತೆ ಯಾವುದೇ ತಕರಾರು ಇದ್ದಲ್ಲಿ ನಿಗದಿತ ಅವಧಿಯೊಳಗಾಗಿ ಲಿಖಿತ ಮೂಲಕ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ವಹಿಸಲಾಗುವುದು.’

ಈ ವಾಕ್ಯದಲ್ಲಿ ಮೂರು ಲಕ್ಷಣಗಳಿವೆ. ಮೊದಲನೆಯದಾಗಿ, ‘ವಹಿಸಲಾಗುವುದು’ ಎಂಬ ಕರ್ಮಣಿ ರೂಪದಲ್ಲಿ ಕ್ರಮ ವಹಿಸುವವರು ಯಾರೆಂಬುದಿಲ್ಲ. ಆಡುಗನ್ನಡ ಕರ್ತರಿ ಪ್ರಯೋಗವನ್ನು ಮೆಚ್ಚುವ ಭಾಷೆ. ‘-ಲಾಗಿದೆ’, ‘-ಲಾಗುವುದು’ ರೂಪಗಳು ಬರಹದಲ್ಲಿ, ಅದರಲ್ಲಿಯೂ ಆಡಳಿತ ಬರಹದಲ್ಲಿ ಹಬ್ಬಿದವು. ಎರಡನೆಯದಾಗಿ, ‘ಸಲ್ಲಿಸತಕ್ಕದ್ದು’ ಎಂಬ ವಿಧಿರೂಪ ಓದುಗನ ಹಕ್ಕನ್ನು ಅವನ ಕರ್ತವ್ಯವೆಂಬಂತೆ ಧ್ವನಿಸುತ್ತದೆ. ಮೂರನೆಯದಾಗಿ, ‘ಸದರಿ’, ‘ನಿಗದಿತ’, ‘ನಿಯಮಾನುಸಾರ’ ಎಂಬ ಪದಗಳು ವಾಕ್ಯದ ಹೊರಗಿನ ಇನ್ನೊಂದು ಬರಹದತ್ತ ಬೆರಳು ತೋರುತ್ತವೆ. ಆ ಬರಹ ಕಡತದೊಳಗಿದೆ. ಹೀಗಾಗಿ ಪ್ರಕಟಣೆ ಪ್ರಕಟವಾಗಿಯೂ ಅಪ್ರಕಟವಾಗಿಯೇ ಉಳಿಯುತ್ತದೆ.

4. ಭಾಷೆ ಮತ್ತು ಹಕ್ಕು

ಇದು ಶೈಲಿಯ ಪ್ರಶ್ನೆಯಷ್ಟೇ ಅಲ್ಲ. ಹಕ್ಕು ಬದಲಾವಣೆಯ ತಿಳಿವಳಿಕೆಗೆ ಅವಧಿಯೊಳಗೆ ಆಕ್ಷೇಪಣೆ ಬಾರದಿದ್ದರೆ ಬದಲಾವಣೆ ದೃಢಪಡುವ ಹಾದಿ ಸುಗಮವಾಗುತ್ತದೆ. ಪೌತಿ ಖಾತೆಯಲ್ಲಿ ತನ್ನ ಹೆಸರು ಬಿಟ್ಟುಹೋಗಿರುವುದನ್ನು ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ತಿಳಿಯುವ ಹೊತ್ತಿಗೆ ಆ ಅವಧಿ ಮುಗಿದಿರಬಹುದು. ಆಮೇಲೆ ಉಳಿಯುವುದು ಮೇಲ್ಮನವಿ ಮತ್ತು ನ್ಯಾಯಾಲಯದ ದೀರ್ಘ ದಾರಿ. ಅರ್ಥವಾಗದ ವಾಕ್ಯದ ಬೆಲೆಯನ್ನು ತೆರುವವರು ಅದನ್ನು ಬರೆದವರಲ್ಲ.

1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ಶಾಸನಬದ್ಧ ಸ್ಥಾನ ನೀಡಿತು. 2000ದಲ್ಲಿ ಆರಂಭವಾದ ‘ಭೂಮಿ’ ಯೋಜನೆಯು ಪಹಣಿಯನ್ನು ಗಣಕಕ್ಕೆ ತಂದು ಗ್ರಾಮ ಲೆಕ್ಕಿಗರ ಕೈಬರಹದ ಮೇಲಿನ ಅವಲಂಬನೆಯನ್ನು ತಗ್ಗಿಸಿತು. 2005ರ ಮಾಹಿತಿ ಹಕ್ಕು ಅಧಿನಿಯಮ ಕಡತವನ್ನು ಕೇಳಿ ಪಡೆಯುವ ಅಧಿಕಾರ ಕೊಟ್ಟಿತು. 2012ರ ಏಪ್ರಿಲ್‌ನಲ್ಲಿ ಕಾರ್ಯಾರಂಭ ಮಾಡಿದ ‘ಸಕಾಲ’ವು ಸೇವೆಗೆ ದಿನಗಳ ಗಡುವು ವಿಧಿಸಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳವರೆಗೆ ಪರಿಹಾರದ ಅವಕಾಶ ಕಲ್ಪಿಸಿತು. ಭಾಷಾದೃಷ್ಟಿಯಿಂದ ಸಕಾಲ ಮುಖ್ಯವಾಗುವುದು ಬೇರೊಂದು ಕಾರಣಕ್ಕೆ: ಸೇವೆ ನೀಡಬೇಕಾದ ಅಧಿಕಾರಿ ಯಾರು, ಎಷ್ಟು ದಿನದೊಳಗೆ, ತಪ್ಪಿದರೆ ಯಾರಲ್ಲಿ ಮೇಲ್ಮನವಿ ಎಂಬುದನ್ನು ಅದು ಹೇಳಲೇಬೇಕಾಯಿತು. ಅಂದರೆ ಕಾನೂನೇ ಕರ್ತೃಪದವನ್ನು ಮರಳಿ ಬೇಡಿತು. ಆದರೂ ಪ್ರಕಟಣೆಯ ವಾಕ್ಯ ಈ ಬದಲಾವಣೆಗೆ ಇನ್ನೂ ಹೊಂದಿಕೊಂಡಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಸೂಚನೆಯೂ ಹಲವೊಮ್ಮೆ ಅದೇ ಪತ್ರದ ಛಾಯಾಚಿತ್ರ.

ಕಾನೂನಿನ ಭಾಷೆಗೆ ನಿಖರತೆ ಅಗತ್ಯ, ಸರಳೀಕರಣದಿಂದ ಅರ್ಥ ಸಡಿಲವಾಗುತ್ತದೆ ಎಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಇದರಲ್ಲಿ ಹುರುಳಿಲ್ಲದಿಲ್ಲ. ಪಾರಿಭಾಷಿಕ ಪದ ಸ್ಥಿರವಾಗಿರಲೇಬೇಕು. ಆದರೆ ನಿಖರತೆ ಪದದ ಗುಣವಾದಷ್ಟೇ ವಾಕ್ಯದ ಗುಣವೂ ಹೌದು. ‘ಈ ಮನೆಯ ಖಾತೆಯನ್ನು ಮೃತರ ಹಿರಿಯ ಮಗನ ಹೆಸರಿಗೆ ಬದಲಾಯಿಸಲು ಅರ್ಜಿ ಬಂದಿದೆ. ಇದಕ್ಕೆ ಒಪ್ಪದವರು ಇಂಥ ದಿನಾಂಕದೊಳಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಬರೆದು ಕೊಡಬಹುದು’ ಎಂಬ ರೂಪದಲ್ಲಿ ‘ಖಾತೆ’ ಎಂಬ ಪರಿಭಾಷೆ ಹಾಗೆಯೇ ಉಳಿದಿದೆ. ಜೊತೆಗೆ ಅಧಿಕಾರಿ, ದಿನಾಂಕ, ಹಕ್ಕು ಮೂರೂ ಕಾಣಿಸುತ್ತವೆ. ಇದು ಹಿಂದಿನ ವಾಕ್ಯಕ್ಕಿಂತ ಸರಳ ಮಾತ್ರವಲ್ಲ, ಹೆಚ್ಚು ನಿಖರವೂ ಆಗಿದೆ.

5. ಸಮಾರೋಪ

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಪಂಚಾಯತಿ ಕನ್ನಡದ ಸಮಸ್ಯೆಯ ನೆಲೆ ಎರವಲು ಪದಗಳಲ್ಲ, ಕರ್ತೃವನ್ನು ಮರೆಮಾಡುವ ವಾಕ್ಯ. ಜನಬಳಕೆಯ ಪದಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿರುವುದರಿಂದ ಇಡೀ ರಾಜ್ಯಕ್ಕೆ ಒಂದೇ ಅಚ್ಚಿನ ಪ್ರಕಟಣೆ ಸಾಲದು. ಸೇವೆಯ ಕಾನೂನು ಬದಲಾದಂತೆ ಸೇವೆಯ ಭಾಷೆಯೂ ಬದಲಾಗಬೇಕು. ಕನ್ನಡ ವಿಭಾಗಗಳು ಶಾಸನಗಳ ಪಾಠವನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಪಂಚಾಯತಿಯ ನಡವಳಿ, ತಿಳಿವಳಿಕೆ ಪತ್ರಗಳನ್ನೂ ತಾಲ್ಲೂಕುವಾರು ಸಂಗ್ರಹಿಸಿ, ಪದಕೋಶ ಮತ್ತು ವಾಕ್ಯಮಾದರಿಗಳನ್ನು ಸಿದ್ಧಪಡಿಸಬೇಕಾಗಿದೆ. ಸ್ನಾತಕೋತ್ತರ ತರಗತಿಗಳ ಆಡಳಿತ ಕನ್ನಡದ ಪಾಠ ಪತ್ರಲೇಖನದ ಮಾದರಿಗಳಿಗೆ ಸೀಮಿತವಾಗದೆ, ವಿದ್ಯಾರ್ಥಿಗಳು ತಮ್ಮ ಊರಿನ ಸೂಚನಾಫಲಕವನ್ನು ಓದಿ, ಅದನ್ನು ಓದಬೇಕಾದವರಿಗೆ ಎಷ್ಟು ಅರ್ಥವಾಯಿತೆಂದು ಕೇಳಿ ದಾಖಲಿಸುವ ಕ್ಷೇತ್ರಕಾರ್ಯವಾಗಿ ವಿಸ್ತರಿಸಿದರೆ ಈ ಅಧ್ಯಯನಕ್ಕೆ ಭದ್ರವಾದ ಆಧಾರಸಾಮಗ್ರಿ ಒದಗುತ್ತದೆ.