ಹೊಲದ ನಡಿಗೆ, ಕಾಲಿನ ಚಪ್ಪಲಿ, ಮೊಣಕಾಲಿನ ಲೆಕ್ಕ

ಈ ವಾರ ಗೊಬ್ಬರ, ಕೀಟ, ನೀರು ಯಾವುದೂ ಬೇಡ. ಆ ಎಲ್ಲ ಕೆಲಸಕ್ಕೂ ನಮ್ಮನ್ನು ಹೊತ್ತು ತಿರುಗುವ ಮೊಣಕಾಲಿನ ಬಗ್ಗೆ ಮಾತಾಡೋಣ. ನಮ್ಮ ಲೋಕಾಪುರದ ಸುತ್ತಮುತ್ತ ಐವತ್ತು ದಾಟಿದ ರೈತರನ್ನು ಕೇಳಿ ನೋಡ್ರಿ, "ಮೊಣಕಾಲು ಹಿಡ್ಕೊಂಡಾವು, ಕುಂತ್ರ ಏಳಾಕ ಆಗೂದಿಲ್ಲ" ಅನ್ನೋರು ಬಹಳ ಮಂದಿ. ವಯಸ್ಸು, ತೂಕ, ಹಳೇ ಪೆಟ್ಟು, ವಂಶ ಎಲ್ಲವೂ ಇದಕ್ಕೆ ಕಾರಣವೇ. ಆದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಎಷ್ಟು ಭಾರ, ಯಾವ ಬದಿಗೆ ಬೀಳುತ್ತದೆ ಅನ್ನೋದರಲ್ಲಿ ಚಪ್ಪಲಿಗೂ ಪಾಲಿದೆ. ವಯಸ್ಸು ನಮ್ಮ ಕೈಯಲ್ಲಿಲ್ಲ, ಚಪ್ಪಲಿ ನಮ್ಮ ಕೈಯಲ್ಲಿದೆ.

ಭಾರ ಬೀಳೋದು ಹೇಗೆ?

ಸಮತಟ್ಟಾದ ದಾರಿಯಲ್ಲಿ ಸುಮ್ಮನೆ ನಡೆದರೂ ಮೊಣಕಾಲಿನ ಕೀಲಿನ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ತೂಕದ ಜೊತೆಗೆ ಸ್ನಾಯುಗಳೂ ಕೀಲನ್ನು ಬಿಗಿಯಾಗಿ ಎಳೆದು ಹಿಡಿಯುತ್ತವೆ, ಅದಕ್ಕೇ ಇಷ್ಟು. ಒಂದೇ ಕಾಲ ಮೇಲೆ ನಿಂತ ಆ ಕ್ಷಣದಲ್ಲಿ ಭಾರದ ಗೆರೆ ಮೊಣಕಾಲಿನ ಒಳಬದಿಯಿಂದ ಹಾಯುತ್ತದೆ. ಹೀಗಾಗಿ ಕೀಲಿನ ಒಳಬದಿಗೆ ಹೆಚ್ಚು ಹೊರೆ. ಬಂಡಿಗೆ ಒಂದೇ ಬದಿ ಕಬ್ಬು ಹೇರಿದರೆ ಆ ಕಡೆಯ ಗಾಲಿ ಮೊದಲು ಸವೆಯುತ್ತದಲ್ಲ, ಹಂಗ. ವಯಸ್ಸಾದವರ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗೋದು ಹೆಚ್ಚಾಗಿ ಈ ಒಳಬದಿಯ ಸವೆತದಿಂದಲೇ.

ಅಳೆದು ನೋಡಿದವರು ಏನು ಹೇಳ್ತಾರೆ?

1998ರಲ್ಲಿ ಅಮೆರಿಕದ ಸಂಶೋಧಕರು 20 ಮಹಿಳೆಯರನ್ನು ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ನಡೆಸಿ ಅಳೆದರು. ಬರಿಗಾಲಿಗೆ ಹೋಲಿಸಿದರೆ ಮೊಣಕಾಲಿನ ಒಳಬದಿಯ ಹೊರೆ ಸರಾಸರಿ 23% ಹೆಚ್ಚು ಬಂತು. 2006ರಲ್ಲಿ ಶಿಕಾಗೋದಲ್ಲಿ ಮೊಣಕಾಲು ಸವೆತ ಇದ್ದ 75 ಜನರ ನಡಿಗೆ ಅಳೆದಾಗ, ಅವರ ದಿನನಿತ್ಯದ ಶೂಗಿಂತ ಬರಿಗಾಲಿನಲ್ಲಿ ಈ ಹೊರೆ ಸುಮಾರು 12% ಕಡಿಮೆ ಇತ್ತು. ಅದೇ ತಂಡ 2010ರಲ್ಲಿ ಬೇರೆ ಬೇರೆ ಪಾದರಕ್ಷೆ ಹೋಲಿಸಿತು. ಹವಾಯಿ ಚಪ್ಪಲಿಯಂಥ ಚಪ್ಪಟೆ, ಬಾಗುವ ಚಪ್ಪಲಿಯ ಹೊರೆ ಬರಿಗಾಲಿನ ಹತ್ತಿರ ಇತ್ತು. ಗಟ್ಟಿ, ದಪ್ಪ ಶೂಗಳಲ್ಲಿ ಹೆಚ್ಚಿತ್ತು.

ಹಂಗಾದ್ರ ಎಲ್ಲರೂ ಹವಾಯಿ ಹಾಕ್ಕೊಂಡ್ರ ಮುಗೀತಾ? ಇಲ್ಲ. 2021ರಲ್ಲಿ ಮೆಲ್ಬರ್ನ್‌ನ ತಂಡ ಮೊಣಕಾಲು ನೋವಿದ್ದ 164 ಜನರನ್ನು ಎರಡು ಗುಂಪು ಮಾಡಿ ಆರು ತಿಂಗಳು ನೋಡಿತು. ಚಪ್ಪಟೆ ಮೆದು ಶೂ ಹಾಕಿದವರಲ್ಲಿ 40% ಜನರಿಗೆ ನಡೆಯುವಾಗಿನ ನೋವು ಗಮನಕ್ಕೆ ಬರುವಷ್ಟು ಇಳಿಯಿತು. ಹಿಮ್ಮಡಿ ಗಟ್ಟಿಯಾಗಿ ಹಿಡಿಯುವ, ಆಧಾರವಿರುವ ಶೂ ಹಾಕಿದವರಲ್ಲಿ 58% ಜನರಿಗೆ ಇಳಿಯಿತು. ಅಂದರೆ ಯಂತ್ರ ತೋರಿಸೋ ಹೊರೆ ಬೇರೆ, ಮನುಷ್ಯನಿಗೆ ಆಗೋ ನೋವು ಬೇರೆ.

ಈ ಎರಡನ್ನೂ ಸೇರಿಸಿ ನಾನು ತಿಳಿದುಕೊಂಡಿದ್ದು ಇಷ್ಟು. ಕಾಲು ಚೆನ್ನಾಗಿರೋ ಹುಡುಗರಿಗೆ ಹಿಮ್ಮಡಿ ತಗ್ಗಿರುವ, ಹಗುರ ಪಾದರಕ್ಷೆ ಸಾಕು. ಈಗಾಗಲೇ ನೋವಿರುವ ಅಪ್ಪ, ಅವ್ವಂದಿರಿಗೆ ಹಿಮ್ಮಡಿ ಹಿಡಿಯುವ ಶೂ ಒಳ್ಳೇದು. ಎತ್ತರದ ಹಿಮ್ಮಡಿ ಇಬ್ಬರಿಗೂ ಬೇಡ.

ನಮ್ಮ ಹೊಲಕ್ಕೆ ಯಾವುದು?

ಬರಿಗಾಲು: ಮೊಣಕಾಲಿಗೆ ಹಗುರ ನಿಜ. ಆದರೆ ಕಬ್ಬಿನ ರವದಿಯೊಳಗೆ ಕೊಳಕಮಂಡಲ ಇರುತ್ತೆ, ಕಟಾವಾದ ಬೊಡ್ಡೆ ಚುಚ್ಚುತ್ತೆ, ಹಸಿ ಮಣ್ಣಿನಿಂದ ಕೊಕ್ಕೆಹುಳು ಚರ್ಮದೊಳಗೆ ಹೋಗುತ್ತೆ. ಹೊಲದಲ್ಲಿ ಬರಿಗಾಲು ಬೇಡವೇ ಬೇಡ. ಮನೆ ಅಂಗಳದಲ್ಲಿ ಅಡ್ಡಿಯಿಲ್ಲ.

ಹವಾಯಿ: ಒಣ ದಾರಿಗೆ, ಮನೆ ಹತ್ತಿರ ಓಡಾಡಲಿಕ್ಕೆ ಸರಿ. ನೀರು ಹಾಯಿಸುವ ಹೊಲದಲ್ಲಿ ಜಾರುತ್ತದೆ. ಜಾರಿ ಮೊಣಕಾಲು ತಿರುಚಿದರೆ ಒಳಗಿನ ಕಟ್ಟು ಹರಿಯಬಹುದು. ಅಂಥ ಪೆಟ್ಟು ಬಿದ್ದ ಮೊಣಕಾಲು ಮುಂದೆ ಬೇಗ ಸವೆಯುತ್ತದೆ.

ಕೊಲ್ಹಾಪುರಿ: ಹೆಸರು ಕೊಲ್ಹಾಪುರದ್ದಾದರೂ ಇದು ನಮ್ಮದೂ ಹೌದು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಅಟ್ಟ ಚಪ್ಪಟೆ, ಹಿಮ್ಮಡಿ ತಗ್ಗು, ಆದ್ದರಿಂದ ಸಂತೆಗೆ, ಒಣ ರಸ್ತೆಗೆ ಚಲೋ. ತೊಗಲು ನೆನೆದರೆ ಉಬ್ಬಿ ಜಾರುತ್ತದೆ, ಹೀಗಾಗಿ ಹಸಿ ಹೊಲಕ್ಕೆ ಅಲ್ಲ.

ಗಂಬೂಟು: ಹಾವು, ಕೆಸರು, ಔಷಧಿ ಸಿಂಪಡಣೆಗೆ ಇದೇ ಬೇಕು. ಆದರೆ ಭಾರ, ಬಾಗೋದಿಲ್ಲ. ಒಂದು ಅಳತೆ ದೊಡ್ಡದು ತಂದರೆ ಪಾದ ಒಳಗೆ ಹೊರಳಾಡಿ ಪ್ರತಿ ಹೆಜ್ಜೆಗೂ ಮೊಣಕಾಲು ತಿರುಚುತ್ತದೆ. ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ ಕೊಳ್ಳಿ. ಕೆಲಸ ಮುಗಿದ ಕೂಡಲೇ ಬಿಚ್ಚಿ, ಅದರಲ್ಲೇ ಊರು ತಿರುಗಬೇಡಿ.

ಹಿಂಬದಿ ಮುಚ್ಚಿದ ಹಗುರ ಶೂ: ದಿನಕ್ಕೆ ನಾಲ್ಕೈದು ತಾಸು ಹೊಲದಲ್ಲಿ ಓಡಾಡುವವರಿಗೆ ನನ್ನ ಆಯ್ಕೆ ಇದೇ. ಅಟ್ಟೆಗೆ ಹಿಡಿತ ಇರಬೇಕು, ತೊಳೆದರೆ ಬೇಗ ಒಣಗಬೇಕು.

ಎರೆಮಣ್ಣಿನ ಮಾತು ಬೇರೆ. ಮಳೆ ಬಿದ್ದಾಗ ಅಟ್ಟೆಗೆ ಮೆತ್ತಿದ ಮಣ್ಣು ಚಪ್ಪಲಿಯನ್ನು ಭಾರ ಮಾಡುತ್ತದೆ, ಒಂದು ಬದಿ ಎತ್ತರ ಮಾಡಿ ಪಾದವನ್ನು ವಾಲಿಸುತ್ತದೆ. ಬದುವಿನ ಮೇಲೆ ಒಂದು ಕಟ್ಟಿಗೆ ಚೂರು ಇಟ್ಟುಕೊಂಡು ಆಗಾಗ ಕೆರೆದು ಹಾಕಿ.

ಕೊಳ್ಳುವಾಗ, ಬಿಸಾಡುವಾಗ

1. ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಡೆದ ಪಾದ ಸ್ವಲ್ಪ ಊದಿರುತ್ತದೆ, ಸರಿಯಾದ ಅಳತೆ ಆಗ ಸಿಗುತ್ತದೆ.
2. ಬೆರಳ ತುದಿಗೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ.
3. ಶೂ ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಮಡಚಬಾರದು. ಹಿಮ್ಮಡಿಯ ಗೋಡೆ ಒತ್ತಿದರೆ ಕುಸಿಯಬಾರದು.
4. ಹಳೇ ಚಪ್ಪಲಿಯನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿಯ ಹೊರಬದಿ ಸವೆದು ವಾಲಿದ್ದರೆ ಪಾದ ಹೊರಕ್ಕೆ ಹೊರಳಿ, ಮೊಣಕಾಲಿನ ಒಳಬದಿಗೆ ಹೊರೆ ಏರುತ್ತದೆ. ಉಂಗುಷ್ಠ ಕಿತ್ತಿಲ್ಲ ಅಂತ ಅದನ್ನೇ ಎಳೀಬೇಡ್ರಿ, ಬದಲಿಸಿ.

ಚಪ್ಪಲಿ ಒಂದರಿಂದಲೇ ಆಗೋದಲ್ಲ

2005ರ ಇನ್ನೊಂದು ಅಮೆರಿಕನ್ ಅಧ್ಯಯನದ ಪ್ರಕಾರ, ಸವೆತವಿದ್ದ ದಪ್ಪ ಮೈಯವರು ಒಂದು ಕೆಜಿ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. 16 ಲೀಟರಿನ ಪಂಪ್ ತುಂಬಿ ಬೆನ್ನಿಗೆ ಹಾಕಿದರೆ ಅದೇ 20 ಕೆಜಿ ಹತ್ತಿರ ಬರುತ್ತದೆ. ಅರ್ಧ ತುಂಬಿಸಿ ಎರಡು ಸಲ ಹೋಗಿ, ಮೊಣಕಾಲಿಗೆ ಅದೇ ಲಾಭ. ದಿನಾ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸಿ, ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಆಸರೆ.

ಮೊಣಕಾಲು ಊದಿ ಬಿಸಿಯಾಗಿದ್ದರೆ, ನಡುವೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ತಟ್ಟನೆ ಕುಸಿದರೆ ಶೂ ಬದಲಿಸುತ್ತ ಕಾಯಬೇಡಿ. ನೋವಿನ ಗುಳಿಗೆ ನುಂಗಿ ಕೆಲಸಕ್ಕೆ ಇಳಿಯೋದೂ ಬೇಡ. ಮೂಳೆ ತಜ್ಞರಿಗೆ ತೋರಿಸಿ.

ಇವತ್ತು ಸಂಜೆ ಮನೆ ಬಾಗಿಲಲ್ಲಿರೋ ಚಪ್ಪಲಿಗಳನ್ನೆಲ್ಲ ತಿರುವಿ ಹಾಕಿ ಅಟ್ಟೆ ನೋಡ್ರಿ. ನಿಮ್ಮದಕ್ಕಿಂತ ಮೊದಲು ಅವ್ವನ ಚಪ್ಪಲಿ ನೋಡ್ರಿ. ಬಹಳ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದದ್ದು ಅದೇ, ಎಲ್ಲಕ್ಕಿಂತ ಕೊನೆಗೆ ಬದಲಾಗೋದೂ ಅದೇ.