“ಸರ್ವರ್ ಡೌನ್ ಐತ್ರಿ” ಅಂದ್ರೆ ಏನು?

ಕ್ಲೌಡ್ ಅಂದ್ರೆ ಮೋಡದಲ್ಲಿ ಇರೋದಲ್ಲ. ಬೇರೆಯವರ ಡೇಟಾ ಸೆಂಟರ್‌ನಲ್ಲಿ ನಾವು ಬಾಡಿಗೆಗೆ ತಗೊಳ್ಳೋ ಕಂಪ್ಯೂಟರ್, ಅಷ್ಟೇ. ಬಾಡಿಗೆ ಮನೆಯ ಹಾಗೆ ಗೋಡೆ, ಛಾವಣಿ, ಕರೆಂಟ್ ಮಾಲೀಕರದು. ಬೀಗ ಹಾಕೋದು, ಕೀಲಿ ಯಾರ ಕೈಗೆ ಕೊಡೋದು ಅನ್ನೋದು ನಮ್ಮದು. ಇದನ್ನೇ ಶೇರ್ಡ್ ರೆಸ್ಪಾನ್ಸಿಬಿಲಿಟಿ ಮಾಡೆಲ್ ಅಂತಾರೆ.

ಮೊದಲು ಎರರ್ ಓದೋಣ

ಲ್ಯಾಬ್‌ನಲ್ಲಿ ನಾವು ಒಂದು ಲಿನಕ್ಸ್ ಮಷಿನ್ ಎಬ್ಬಿಸಿ, ಬೇಕಂತಲೇ ಒಂದೊಂದೇ ಭಾಗ ಕೆಡಿಸಿ ನೋಡಿದೆವು. ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುವಾಗ ಮೂರು ಬೇರೆ ಬೇರೆ ಉತ್ತರ ಬಂದವು.

1. ‘ಕನೆಕ್ಷನ್ ಟೈಮ್ಡ್ ಔಟ್’: ನಮ್ಮ ಮಾತು ಮಷಿನ್‌ವರೆಗೆ ಮುಟ್ಟೇ ಇಲ್ಲ. ಬಹುತೇಕ ಫೈರ್‌ವಾಲ್ 22ನೇ ಪೋರ್ಟ್ ಮುಚ್ಚಿರುತ್ತದೆ.
2. ‘ಕನೆಕ್ಷನ್ ರೆಫ್ಯೂಸ್ಡ್’: ಸಾಮಾನ್ಯವಾಗಿ ಮಷಿನ್ ಸಿಕ್ಕಿದೆ, ಆದರೆ ಒಳಗೆ ಆ ಸರ್ವಿಸ್ ಓಡ್ತಾ ಇಲ್ಲ.
3. ‘ಪರ್ಮಿಷನ್ ಡಿನೈಡ್’: ಸರ್ವಿಸೂ ಇದೆ, ಕೀಲಿ ಅಥವಾ ಯೂಸರ್ ಹೆಸರು ತಪ್ಪು.

ಮೂರನ್ನೂ ಜನ “ಸರ್ವರ್ ಡೌನ್” ಅಂತಾನೇ ಕರೀತಾರೆ. ಆದರೆ ಮೂರಕ್ಕೂ ಔಷಧ ಬೇರೆ. ಟೈಮ್ ಔಟ್ ಬಂತು ಅಂತ ಫೈರ್‌ವಾಲನ್ನು 0.0.0.0/0ಗೆ ತೆರೆದರೆ ಲಾಗಿನ್ ಆಗುತ್ತೆ ನಿಜ. ಆದರೆ ಇಡೀ ಜಗತ್ತಿಗೆ ಬಾಗಿಲು ತೆರೆದ ಹಾಗೆ. ನಮ್ಮ ಐಪಿಗೆ ಮಾತ್ರ ತೆರೆಯೋದು ಸರಿಯಾದ ದಾರಿ.

ಕಾವೇರಿ 2.0ಗೆ ಏನಾಯ್ತು?

2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಸ್ತಿ ನೋಂದಣಿ ಪೋರ್ಟಲ್ ಕಾವೇರಿ 2.0 ನಿಂತೇ ಹೋಗುವಷ್ಟು ನಿಧಾನವಾಯ್ತು. ಕಾರಣ ಡಿಡಾಸ್ ದಾಳಿ, ಅಂದ್ರೆ ಸುಳ್ಳು ಮನವಿಗಳ ಪ್ರವಾಹ. ಇಸಿ ಹುಡುಕಾಟಕ್ಕೆ ಮಾಮೂಲಿಗಿಂತ 8 ಪಟ್ಟು ಟ್ರಾಫಿಕ್ ಬಂತು. ಒಂದು ಹಂತದಲ್ಲಿ 2 ಗಂಟೆಯಲ್ಲಿ 6.2 ಲಕ್ಷ ಮನವಿ. ಭಾಗಿಸಿ ನೋಡಿ: ಸೆಕೆಂಡಿಗೆ ಸುಮಾರು 86. ತನಿಖೆಯಲ್ಲಿ ಸಿಕ್ಕಿದ್ದು 62 ಇಮೇಲ್ ಖಾತೆ, 14 ಐಪಿ ವಿಳಾಸ.

ಭದ್ರತೆಗೆ ಮೂರು ಕಾಲು ಅಂತ ಓದುತ್ತೇವೆ: ಗುಟ್ಟು ಉಳಿಯಬೇಕು, ಮಾಹಿತಿ ಕೆಡಬಾರದು, ಬೇಕಾದಾಗ ಸಿಗಬೇಕು. ಡಿಡಾಸ್ ಮುರಿಯೋದು ಮೂರನೆಯದನ್ನು. “ಡೇಟಾ ಕದ್ದಿಲ್ಲವಲ್ಲ, ಏನಾಯ್ತು?” ಅನ್ನಬಹುದು. ಆದರೆ ಇಸಿ ಇಲ್ಲದೆ ಬ್ಯಾಂಕ್ ಸಾಲ ಮುಂದೆ ಹೋಗಲ್ಲ, ಖರೀದಿಯೂ ಹೋಗಲ್ಲ. ಹಳ್ಳಿಯಿಂದ ಬಸ್ ಹಿಡಿದು ಮುದ್ದೇಬಿಹಾಳಕ್ಕೆ ಬಂದವರಿಗೆ ಆ ದಿನದ ಕೂಲಿ ಹೋಯ್ತು ಅಂತಾನೇ ಅರ್ಥ.

ತಡೆಯೋದು ಹೇಗೆ?

“ಇನ್ನಷ್ಟು ಮಷಿನ್ ಹಾಕಿದ್ರಾಯ್ತು” ಅನ್ನೋದು ಮೊದಲು ತೋಚುವ ಉತ್ತರ. ಕ್ಲೌಡ್‌ನಲ್ಲಿ ಆಟೋ ಸ್ಕೇಲಿಂಗ್ ಅದನ್ನೇ ಮಾಡುತ್ತೆ. ಆದರೆ ಅದಕ್ಕೆ ಅಸಲಿ-ನಕಲಿ ಗೊತ್ತಾಗಲ್ಲ; ಬಾಟ್‌ಗಳಿಗೂ ಸೇವೆ ಕೊಟ್ಟು ಬಿಲ್ ಏರಿಸುತ್ತೆ. “ಐಪಿ ಬ್ಲಾಕ್ ಮಾಡೋಣ” ಅಂದ್ರೆ ಅದೂ ಅರ್ಧ ಪರಿಹಾರ. ಒಂದೇ ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಷ್ಟೋ ಜನ ಒಂದೇ ಐಪಿ ಹಿಂದೆ ಇರ್ತಾರೆ, ಅಮಾಯಕರೂ ಹೊರಗೆ ಉಳೀತಾರೆ.

ಅದಕ್ಕೇ ರೇಟ್ ಲಿಮಿಟ್ ಬೇಕು: ಒಂದು ಖಾತೆಗೆ ನಿಮಿಷಕ್ಕೆ ಇಷ್ಟೇ ಹುಡುಕಾಟ. ಜೊತೆಗೆ ಓಟಿಪಿ, ಕ್ಯಾಪ್ಚಾ, ವೆಬ್ ಫೈರ್‌ವಾಲ್. ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಅಳತೆ. ಆಲಮಟ್ಟಿ ಡ್ಯಾಮ್‌ಗೆ 26 ಗೇಟ್ ಇದ್ದರೂ ಒಳಹರಿವು ಎಷ್ಟು ಅಂತ ನೋಡದೆ ಯಾರೂ ಗೇಟ್ ಎತ್ತಲ್ಲ. ಹಾಗೇ ಮಾಮೂಲಿ ದಿನದ ಟ್ರಾಫಿಕ್ ಎಷ್ಟು ಅಂತ ಲಾಗ್‌ನಲ್ಲಿ ಇದ್ದರೆ ಮಾತ್ರ 8 ಪಟ್ಟು ಅನ್ನೋದು ಕಣ್ಣಿಗೆ ಬೀಳುತ್ತೆ.

ನಾಳೆ ಇಂಥ ಪೋರ್ಟಲ್ ಕಟ್ಟೋರು ನಮ್ಮಲ್ಲೇ ಯಾರೋ ಇರ್ತೀವಿ. ಹಾಗಾಗಿ ಮುಂದಿನ ಲ್ಯಾಬ್‌ನಲ್ಲಿ ಮಷಿನ್ ರೀಸ್ಟಾರ್ಟ್ ಮಾಡೋಕೆ ಮುಂಚೆ ಮೂರು ಪ್ರಶ್ನೆ ಬರೆದಿಡಿ: ಮಾತು ಎಲ್ಲಿವರೆಗೆ ಮುಟ್ಟಿತು? ನಿನ್ನೆಗಿಂತ ಇವತ್ತು ಏನು ಬದಲಾಯ್ತು? ಲಾಗ್ ಏನು ಹೇಳುತ್ತೆ?